ಅಳಿಸಿಹೋದ ಸೆಟ್ಟಿಂಗ್

ಸೀರೆ ಅಂಗಡಿಯಲ್ಲಿ ಬೆಳಿಗ್ಗೆ ಮತ್ತೆ ಬಿಲ್ ಆಗಲಿಲ್ಲ. ಬಿಲ್ಲಿನ ಲೆಕ್ಕವಿರುವ ಸರ್ವರಿನ ಫೋಲ್ಡರ್ ತೆರೆಯಲು ಕಂಪ್ಯೂಟರಿನ ಮೂಲ ತಂತ್ರಾಂಶದ ಒಂದು ತುಣುಕಿಗೆ, ಅಂದರೆ ಕರ್ನಲ್ ಮಾಡ್ಯೂಲಿಗೆ, ಕೊಡುವ ಸೆಟ್ಟಿಂಗ್, ಕಂಪ್ಯೂಟರ್ ಆರಿಸಿದೊಡನೆ ಹೋಗಿಬಿಡುತ್ತಿತ್ತು. ಕಂಪ್ಯೂಟರ್ ರಿಪೇರಿಗೆ ಬರುವ ನಾಗವೇಣಿ ಬೇಸತ್ತು ನಿನ್ನೆ ಅದು ಕಾಯಂ ಆಗಿ ಉಳಿಯಲೆಂದು ಒಂದು ಫೈಲಿನಲ್ಲೇ ಬರೆದು ಹೋಗಿದ್ದಳು.

“ದಿನಾ ಇದೇ ಗೋಳಾದ್ರೆ ನಾಳೆ ಬೇರೆಯವರನ್ನ ಕರೆಸ್ತೀನಮ್ಮಾ,” ಎಂದು ಇವತ್ತು ಮತ್ತೆ ಬಂದ ಅವಳಿಗೆ ಹೇಳಿ ಮಾಲೀಕರು ಗೊಣಗುತ್ತ ಹೊರಗೆ ಹೋದರು.

ಹಲ್ಲು ಕಚ್ಚಿಕೊಂಡು ಅವಳು ಫೈಲ್ ತೆರೆದಳು. ತಾನು ಬರೆದದ್ದನ್ನು ಯಾರೋ ಅಳಿಸಿದ್ದರು.

“ಇದನ್ನ ಮುಟ್ಟಿದ್ದು ಯಾರು? ನನ್ನ ಕೆಲಸ ಹೋಗುತ್ತೆ.”

ಸೀರೆ ತೋರಿಸುವ ಹುಡುಗಿಯರು ಗೋಡೆಗೊರಗಿ ನೆಲದ ಮೇಲೆ ಕುಳಿತು ಪಾದ ಒತ್ತಿಕೊಳ್ಳುತ್ತಿದ್ದರು. ಬಿಲ್ ಕೌಂಟರಿನವಳು ತಲೆ ತಗ್ಗಿಸಿದಳು.

“ನೀವು ಮಾಡೋದು ನೋಡ್ಕೊಂಡು ನಾನೇ ಅಳಿಸಿದೆ ಅಕ್ಕಾ. ಬಿಲ್ ನಿಂತಾಗ ಮಾತ್ರ ಇವರನ್ನ ಕೂರೋಕೆ ಬಿಡ್ತಾರೆ.”