ಬಿದ್ದ ಜಾಗದ ಕೋಡ್

“ಎಲ್ಲಿ ಬಿದ್ದಾರ? ಮನ್ಯಾಗ ಆದ್ರ ಒಂದು ಕೋಡ್, ಕೆಲಸದ ಮ್ಯಾಲ ಆದ್ರ ಬ್ಯಾರೆ ಕೋಡ್. ಪರಿಹಾರ ಸಿಗೋದು ಅದರಿಂದನ,” ಎಂದರು ಗುಲಬರ್ಗಾ ಕಡೆಯ ಡಾಕ್ಟರ್ ಶೈಲಾ, ಗಾಯದ ಕಾರಣ ದಾಖಲಿಸುವ ಕಂಪ್ಯೂಟರಿನ ಕೀಲಿಗಳ ಮೇಲೆ ಬೆರಳಿಟ್ಟು.

ಕಾಲು ಮುರಿದು ಮಲಗಿದ್ದ ಗಂಡ ಅಮರಯ್ಯನ ಕೈಯನ್ನು ಸಾಬಮ್ಮ ಹಿಡಿದುಕೊಂಡಿದ್ದಳು. ಅವಳಿಗಿಂತ ಮೊದಲೇ, ಜೊತೆಗೆ ಬಂದಿದ್ದ ಕಟ್ಟಡ ಕೆಲಸದ ಮೇಸ್ತ್ರಿ ಬಾಯಿ ಹಾಕಿದ: “ಮನಿ ಬಚ್ಚಲದಾಗ ಜಾರಿ ಬಿದ್ದಾನ್ರಿ ಮೇಡಂ.” ಸುಮ್ಮನಿರದಿದ್ದರೆ ನಾಳೆಯಿಂದ ಕೆಲಸವಿಲ್ಲ ಎಂದು ಆಸ್ಪತ್ರೆಗೆ ಬರುವಾಗ ಆಟೋದಲ್ಲೇ ಅವಳನ್ನು ಬೆದರಿಸಿದ್ದ.

ಸಾಬಮ್ಮ ಗಂಡನ ಕೈಯನ್ನು ಮೆಲ್ಲಗೆ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಬಚ್ಚಲ ಎಲ್ಲೈತ್ರಿ ಮೇಸ್ತ್ರಿ? ನೀವು ಹಾಕಿಕೊಟ್ಟ ತಗಡಿನ ಶೆಡ್ಡಿಗೆ ಬಾಗಿಲಾನ ಇಲ್ಲ! ಅಕ್ಕಾರ, ಇವರು ಬಿದ್ದಿದ್ದು ಮಾಧಾಪುರದಾಗ ಕಟ್ಟಾಕತ್ತಿರೋ ಐಟಿ ಬಿಲ್ಡಿಂಗಿನ ಮೂರನೇ ಮಾಳಿಗಿಯಿಂದ. ನಾ ಅಲ್ಲೇ ಇಟ್ಟಂಗಿ ಹೊರಾಕತ್ತಿದ್ದೆ. ಬರ್ಕೊಳ್ರಿ.”

ನೋವಿನಲ್ಲೂ ಅಮರಯ್ಯ ಕಿಸಕ್ಕನೆ ನಕ್ಕ. ಶೈಲಾ ಕೆಲಸದ ಕೋಡನ್ನೇ ಒತ್ತಿದರು.