ಬಿಸಿಲ ಪೆಟ್ಟಿಗೆಯ ಬೀಗ

ಸೋಲಾರ್ ಕುಕ್ಕರಿನ ಗಾಜಿನ ಮುಚ್ಚಳಕ್ಕೆ ಬೀಗ ಜಡಿದು, ಶಕೀಲಾ ಅದರ ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟಳು.

"ಇನ್ಸ್‌ಪೆಕ್ಟರು ಬರೋ ತನಕ ಯಾರು ಕೇಳಿದ್ರೂ ತೆಗೀಬೇಡಿ ಅಮ್ಮೀ. ತೆಗೆದ್ರೆ ಒಳಗಿರೋ ಬಿಸಿಯೆಲ್ಲಾ ಹೊರಟೋಗ್ತದೆ."

"ನಾನು ಕೂತಿರೋವಾಗ ಅದರ ಮೇಲೆ ಕಾಗೆ ಕೂಡ ಕೂರಲ್ಲ. ನೀನು ಹೋಗು," ಎಂದಳು ಜಾನ್ ಬೀ. ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅಂಗಳದ ಗೋಡೆಯ ನೆರಳಿನಲ್ಲಿ ಮಣೆ ಹಾಕಿ, ಪೆಟ್ಟಿಗೆಯ ಎದುರಿಗೇ ಕೂತಳು.

ಶಿಡ್ಲಘಟ್ಟದ ಆ ಓಣಿಗೆ ಬಿಸಿಲಲ್ಲಿ ಅಡುಗೆ ಮಾಡುವ ಪೆಟ್ಟಿಗೆ ಬಂದದ್ದು ಅದೇ ಮೊದಲು. ಅರ್ಧ ದುಡ್ಡು ಸರ್ಕಾರದ್ದು. ಆದರೆ ಆ ಸಹಾಯಧನ ಸಿಗಬೇಕಾದರೆ, ಅದರಲ್ಲಿ ನಿಜವಾಗಿ ಅಡುಗೆ ಆಗುತ್ತದೆ ಎಂದು ಚಿಕ್ಕಬಳ್ಳಾಪುರದಿಂದ ಇನ್ಸ್‌ಪೆಕ್ಟರ್ ಅನಂತರಾಮಯ್ಯ ಬಂದು ನೋಡಿ ಸಹಿ ಹಾಕಬೇಕು. ಹೋದ ಬುಧವಾರ ಅವರು ಬಂದಾಗ ಅಕ್ಕಿ ಅಕ್ಕಿಯಾಗಿಯೇ ಇತ್ತು. ಬೇಯುವುದಾದರೂ ಹೇಗೆ? ಓಣಿಯ ಹೆಂಗಸರೆಲ್ಲ ಒಬ್ಬರಾದ ಮೇಲೊಬ್ಬರು ಬಂದು ಗಾಜಿನ ಮುಚ್ಚಳ ಎತ್ತಿ, ಒಳಗಿನ ಕಪ್ಪು ಡಬ್ಬಿ ತೆರೆದು ಇಣುಕಿ ಹೋಗಿದ್ದರು. "ಶನಿವಾರ ಮತ್ತೆ ಬರ್ತೀನಮ್ಮ. ಆಗಲೂ ಬೇಯದಿದ್ರೆ ಪಟ್ಟೀಲಿ ನಿಮ್ಮ ಹಿಂದಿರೋರಿಗೆ ಕೊಡಬೇಕಾಗ್ತದೆ," ಎಂದು ಅನಂತರಾಮಯ್ಯ ಹೇಳಿ ಹೋಗಿದ್ದರು. ಅದಕ್ಕೇ ಈ ಬೀಗ.

ಶಕೀಲಾಗೆ ಆ ಪೆಟ್ಟಿಗೆ ಬೇಕೇ ಬೇಕಿತ್ತು. ಬೆಳಗಿನಿಂದ ಹಿತ್ತಲ ಶೆಡ್ಡಿನಲ್ಲಿ ಕುದಿನೀರಿನ ಬೇಸಿನ್ ಮುಂದೆ ಕೂತು ಗೂಡಿನಿಂದ ರೇಷ್ಮೆ ಬಿಚ್ಚುವಾಗ ಅಲ್ಲಿಯ ಹೊಗೆ. ಮಧ್ಯಾಹ್ನ ಅಡುಗೆಮನೆಗೆ ಓಡಿ ಬಂದರೆ ಸೌದೆ ಒಲೆಯ ಹೊಗೆ. ಸಂಜೆಯ ಹೊತ್ತಿಗೆ ಕಣ್ಣು ಬಿಡುವುದಕ್ಕೂ ಆಗುತ್ತಿರಲಿಲ್ಲ. ಒಂದು ಹೊತ್ತಿನ ಹೊಗೆಯಾದರೂ ತಪ್ಪಲಿ ಎಂಬುದಷ್ಟೇ ಅವಳ ಆಸೆ.

ಶೆಡ್ಡಿನಲ್ಲಿ ಕೂತಲ್ಲಿಂದ ಅಂಗಳ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಲಕ್ಷ್ಮಿದೇವಮ್ಮನ ದನಿ ಬಂತು.

"ಬೆಂತಾ ಜಾನ್ ಬೀ? ಒಂಚೂರು ತೆಗೀರಿ, ಹಂಗೇ ನೋಡಿ ಹೋಗ್ತೀನಿ."

"ಇದೇನು ಮದುವೆ ಹೆಣ್ಣಾ, ಮುಸುಕು ಎತ್ತಿ ನೋಡೋಕೆ? ಹೋಗಮ್ಮ ಹೋಗು!"

ಶಕೀಲಾ ಒಳಗೇ ನಕ್ಕಳು. ಅತ್ತೆಯ ಬಾಯಿಯ ಮುಂದೆ ಯಾವ ಬೀಗ ತಾನೇ ಹೆಚ್ಚು! ಆಮೇಲೆ ಅಂಗಳ ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಜಾನ್ ಬೀ ತನ್ನಷ್ಟಕ್ಕೆ ತಾನೇ ಗೊಣಗುವುದು ಕೇಳಿಸಿತು. "ಯಾ ಅಲ್ಲಾ! ಬೆಂಕಿ ಇಲ್ಲ, ಹೊಗೆ ಇಲ್ಲ, ಕುದಿಯೋ ಸದ್ದಾದ್ರೂ ಬ್ಯಾಡ್ವಾ? ಒಳಗೆ ಅದೇನು ನಡೀತಿದೆ?"

ಆ ಮಾತು ಮುಗಿದು ಐದು ನಿಮಿಷ ಆಗಿರಲಿಕ್ಕಿಲ್ಲ, ಶೆಡ್ಡಿನ ಗೋಡೆಯ ಮೇಲೆ ಬಿಸಿಲಿನ ತುಂಡೊಂದು ಪಳಕ್ಕನೆ ಹೊಳೆದು ಹೋಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಹನ್ನೆರಡೂವರೆಯೊಳಗೆ ಐದಾರು ಸಲವಾದರೂ ಆಯಿತು. ಎದ್ದು ಹೋಗಿ ನೋಡೋಣವೆಂದರೆ ಕೈ ತೆಗೆದ ಕೂಡಲೇ ಎಳೆ ಕಡಿಯುತ್ತದೆ. ಕುಕ್ಕರಿನ ಗಾಜಿನ ಮುಚ್ಚಳದ ಮೇಲೆ ಕಾಗೆ ಕೂತು ಏಳುತ್ತಿರಬೇಕು ಎಂದುಕೊಂಡು ಶಕೀಲಾ ಸುಮ್ಮನಾದಳು.

ಒಂದೂವರೆಗೆ ಸರಿಯಾಗಿ ಅನಂತರಾಮಯ್ಯ ಬಂದರು. ಕಂಕುಳಲ್ಲಿ ಫೈಲು, ಕೈಯಲ್ಲಿ ಕೊಡೆ. "ಎಲ್ಲಿ, ತೆಗೀರಮ್ಮ, ನೋಡಣ." ಜಾನ್ ಬೀ ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದಳು. ಕಪ್ಪು ಡಬ್ಬಿಯ ಮುಚ್ಚಳ ತೆಗೆದಾಗ ಹಬೆಯೇನೋ ಬಂತು, ಅನ್ನದ ಘಮವೂ ಬಂತು. ಶೆಡ್ಡಿನಿಂದ ಓಡಿ ಬಂದ ಶಕೀಲಾ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಮೇಲೆ ಮೆತ್ತಗೆ, ಒಳಗೆ ಗಟ್ಟಿ ಅಕ್ಕಿ.

"ಬೆಂದಿದೆಯೇನಮ್ಮ?" ಅನಂತರಾಮಯ್ಯ ಪೆನ್ನಿನ ಮುಚ್ಚಳ ಬಿಚ್ಚಿದರು. "ಇವತ್ತು ಶನಿವಾರ, ನಂಗೆ ಒಪ್ಪೊತ್ತು. ಮನೆಯೋರೇ ಯಾರಾದ್ರೂ ತಿಂದು ಹೇಳಿ. ನಾನು ಮುಖ ನೋಡ್ತಿರ್ತೀನಿ. ಬೇಯದ ಅನ್ನ ತಿಂದೋರ ಮುಖ ನಂಗೆ ಗೊತ್ತಾಗ್ತದೆ." ಹೋದ ಬುಧವಾರವೂ ಅವರಿಗೆ ಒಪ್ಪೊತ್ತೇ ಇತ್ತು.

ಶಕೀಲಾ ತಟ್ಟೆಗೆ ಬಡಿಸಿಕೊಂಡಳು. ತುತ್ತು ಎತ್ತುವುದರೊಳಗೆ ಜಾನ್ ಬೀ ತಟ್ಟೆ ಕಿತ್ತುಕೊಂಡಳು.

"ಮೊದಲು ದೊಡ್ಡೋರು," ಎಂದವಳೇ ದೊಡ್ಡ ತುತ್ತು ಮಾಡಿ ಬಾಯಿಗೆ ಹಾಕಿಕೊಂಡಳು. ಆ ಬಾಯಲ್ಲಿ ಉಳಿದಿದ್ದದ್ದು ಮೂರೇ ಹಲ್ಲು. ದವಡೆ ಎಡಕ್ಕೂ ಬಲಕ್ಕೂ ಹೊರಳಿತು. ಕಣ್ಣಲ್ಲಿ ನೀರಾಡಿತು. ಮುಖ ಮಾತ್ರ ಒಂದಿಷ್ಟೂ ಕದಲಲಿಲ್ಲ.

"ನಿಧಾನ ಅಜ್ಜಿ, ನಿಧಾನ!" ಅನಂತರಾಮಯ್ಯ ನಕ್ಕರು. "ಬೇಯೋ ತನಕ ಕಾದೋರಿಗೆ ಆರೋ ತನಕ ಕಾಯಕ್ಕಾಗಲ್ವಾ?"

ಜಾನ್ ಬೀ ಕಷ್ಟಪಟ್ಟು ನುಂಗಿ, ಎರಡನೇ ತುತ್ತಿಗೆ ಕೈ ಹಾಕಿದಳು. "ಬೆಣ್ಣೆ ಆಗಿದೆ ಸಾಹೇಬ್ರೇ. ಹಲ್ಲಿಲ್ಲದ ಮುದುಕಿ ತಿಂತಿದ್ದೀನಿ, ಇನ್ನೇನು ಸಾಕ್ಷಿ ಬೇಕು ನಿಮಗೆ?"

ಅದೂ ಸರಿಯೇ ಅನ್ನಿಸಿರಬೇಕು. ಅನಂತರಾಮಯ್ಯ ಫೈಲನ್ನು ಮೊಣಕಾಲ ಮೇಲಿಟ್ಟು ಸಹಿ ಹಾಕಿ, ಕೊಡೆ ಬಿಚ್ಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರು.

ಶಕೀಲಾ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಜಾನ್ ಬೀ ಬಾಯಿ ಮುಕ್ಕಳಿಸಿ, ಒಂದು ಕೈಯಲ್ಲಿ ದವಡೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕೀಲಿಯನ್ನು ಸೊಸೆಯ ಅಂಗೈಯಲ್ಲಿಟ್ಟಳು.

"ನಾಳೆಯಿಂದ ಇದು ನಿನ್ನ ಹತ್ರಾನೇ ಇರಲಿ ಬೇಟಿ. ನಾನು ಕೇಳಿದ್ರೂ ಕೊಡಬೇಡ."