ಹನ್ನೆರಡು ಪಟ್ಟು

ಕುಲುಮೆಗೆ ಮೊದಲ ಬೆಂಕಿ ಹಚ್ಚುವಾಗ ಗೋಡೆ ಕಟ್ಟಿದ ಮೇಸ್ತ್ರಿಯೇ ಪಕ್ಕ ನಿಲ್ಲುವುದು ಆ ಕಾರ್ಖಾನೆಯ ವಾಡಿಕೆ. ಹಾಗೆ ನಿಂತಿದ್ದಾಗಲೇ ಗೋಡೆ ಒಡೆದು ಮೇಸ್ತ್ರಿ ಸತ್ತ. ಕಟ್ಟಿದ್ದೇ ಸರಿಯಿಲ್ಲ ಎಂದರು ಎಲ್ಲರೂ.

ಗೋಡೆಯ ದಪ್ಪ ಗೊತ್ತುಮಾಡಿ, ಈಗ ರಜೆ ಹಾಕಿ ಮನೆಯಲ್ಲಿ ಕೂತ ಇಂಜಿನಿಯರಿಗೆ ತಿಂಗಳಾದ ಮೇಲೆ ತನ್ನ ತಪ್ಪು ಸಿಕ್ಕಿತು. ಇಟ್ಟಿಗೆಯ ಉಷ್ಣವಾಹಕತೆ ಅಡಿಯ ಅಳತೆಯಲ್ಲಿತ್ತು. ಇಂಚಿನದೆಂದು ತಿಳಿದು ಲೆಕ್ಕ ಹಾಕಿದ್ದ. ಇಟ್ಟಿಗೆ ದಾಟುವ ಶಾಖ ಹನ್ನೆರಡು ಪಟ್ಟು ಕಡಿಮೆ ಎಂದಾಗಿ ಗೋಡೆ ತೆಳುವಾಗಿತ್ತು.

ಮರುದಿನವೇ ಮೇಸ್ತ್ರಿಯ ಮನೆಗೆ ಹೋದ. ಮೇಸ್ತ್ರಿಯ ಹೆಂಡತಿ ಚಹಾ ಕೊಟ್ಟಳು. "ಗೋಡಿ ತೆಳ್ಳಗಾತು ಅಂತಿದ್ರು ನಮ್ಮನಿಯವ್ರು. ಆದ್ರ ಸಾಹೇಬ್ರ ಲೆಕ್ಕ ಸುಳ್ಳಾಗೂದಿಲ್ಲ ಅಂತ ತಾವ ಸುಮ್ಮನಾದ್ರು."

"ಅಕ್ಕಾ, ತಪ್ಪು ಅವರದಲ್ಲ."

"ಗೊತ್ತೈತ್ರಿ. ಅದನ್ನ ತೋರಸಾಕಂತನ ನನ್ನ ತಮ್ಮ ನಿಮ್ಮ ಲೆಕ್ಕದಂಗ ಗೋಡಿ ಮತ್ತ ಕಟ್ಯಾನ. ಇವತ್ತ ಬೆಂಕಿ ಹಚ್ಚತಾರ, ಮುಂಜಾನೆನ ಹೋಗಿ ಪಕ್ಕಕ್ಕ ನಿಂತಾನ."